ಬೀಗರ ಸಾಕ್ಷಿ

ರೋಣದಲ್ಲಿ ನಾನು ಆಗಷ್ಟೇ ವಕೀಲಿ ಶುರುಮಾಡಿದ್ದೆ. ಗಜೇಂದ್ರಗಡದ ನೇಕಾರನೊಬ್ಬ ನೆರೆಯವನನ್ನು ಕೊಂದು ಗಲ್ಲು ಶಿಕ್ಷೆಗೆ ಗುರಿಯಾಗಿದ್ದ; ಅವನ ಅಪೀಲು ನನ್ನ ಕೈಗೆ ಬಂತು. ಅವನಿಗೆ ಮೊದಲೇ ಬುದ್ಧಿಭ್ರಮಣೆಯಾಗಿದ್ದನ್ನು ತಾಯಿ ಕೋರ್ಟಿನಲ್ಲಿ ಮುಚ್ಚಿಟ್ಟಿದ್ದಳು. ಗೊತ್ತಾದರೆ ಮಗಳನ್ನು ಒಪ್ಪಿದ್ದ ನರಗುಂದದವರು ಮದುವೆ ಮುರಿದಾರೆಂಬ ಭಯ.

‘ಮಗನ್ನ ಗಲ್ಲಿಗೆ ಕಳಿಸಿ ಮಗಳಿಗೆ ಅಕ್ಕಿಕಾಳು ಹಾಕ್ತಿ ಏನವ್ವಾ?’ ಎಂದು ಸಿಟ್ಟಿನಲ್ಲಿ ಅಂದುಬಿಟ್ಟೆ. ಆಕೆ ಅಳುತ್ತ ಎದ್ದುಹೋದಳು.

ಅಪೀಲಿಗೆಂದು ಅವನನ್ನು ಪರೀಕ್ಷಿಸಿದ ಧಾರವಾಡದ ಡಾಕ್ಟರು, ‘ಈಗ ಹುಚ್ಚಿರೋದು ಖರೇ, ಆಗಿಂದು ಕಂಡವರು ಹೇಳಬೇಕು’ ಎಂದರು.

ಕೊನೆಗೆ ಗಲ್ಲು ತಪ್ಪಿಸಿದ ಸಾಕ್ಷಿ ನರಗುಂದದ ಬೀಗರದೇ. ತಾವಾಗಿಯೇ ನನ್ನ ಆಫೀಸಿಗೆ ಬಂದು ಕೂತರು.

‘ಬರಕೋರಿ. ಕೊಲೆಗಿಂತ ಮೊದಲ, ಹೆಣ್ಣು ನೋಡಾಕ ಹೋದಾಗ, ಆ ಹುಡುಗ ಗ್ವಾಡಿ ಜೋಡಿ ಜಗಳಾಡೂದು ನಾ ಕಣ್ಣಾರೆ ಕಂಡೀನಿ.’

‘ಹಂಗಾದ್ರ ಮದುವಿ?’

‘ಅದನ್ನ ನೋಡಿದ ಮ್ಯಾಲೇ ನಾವು ಹೂಂ ಅಂದದ್ರಿ.’