ಚೆನ್ನಾಗಿ ಬೆಳೆದ ಕೋಶಗಳು

ಅಕ್ಕನ ಕಿಡ್ನಿ ಯಾಕೆ ಸೋತಿತೆಂದು ಜೀವಕೋಶದೊಳಗೇ ಹೊಕ್ಕು ನೋಡುತ್ತೇನೆಂದು ಹಟ ಹಿಡಿದು ಸಂಶೋಧಕಿಯಾದವಳು ತಂಗಿ. ಕಿಡ್ನಿಯ ಕೋಶಗಳನ್ನು ಪ್ರಯೋಗಾಲಯದ ತಟ್ಟೆಗಳಲ್ಲಿ ಹಸುಗೂಸಿನಂತೆ ಸಾಕಿದಳು. ಭಾನುವಾರವೂ ಓಡಿಹೋಗಿ ಅವಕ್ಕೆ ಆಹಾರದ ದ್ರವ ಬದಲಿಸುತ್ತಿದ್ದಳು. "ಚೆನ್ನಾಗಿ ಬೆಳೀತಿವೆ ಅಕ್ಕ" ಎಂದು ದಿನವೂ ಫೋನಿನಲ್ಲಿ ಕೊಚ್ಚಿಕೊಳ್ಳುತ್ತಿದ್ದಳು.

ಅವಳ ಪ್ರಬಂಧ ಅಚ್ಚಾಗುವ ಮುಂಚೆ ವಿಜ್ಞಾನ ಪತ್ರಿಕೆಯವರು ಕೋಶಗಳ ಗುರುತಿನ ಪರೀಕ್ಷೆ ಕೇಳಿದರು. ಇಂದು ಫಲಿತಾಂಶ ಬಂತು: ಅವು ಕಿಡ್ನಿಯವೇ ಅಲ್ಲ. ಎಂದೋ ಪಕ್ಕದ ತಟ್ಟೆಯಿಂದ ಸಿಡಿದ ಒಂದು ಹನಿಯಲ್ಲಿ ಕ್ಯಾನ್ಸರ್ ಕೋಶಗಳು ಬಂದು, ಮನೆಯವರನ್ನೇ ಹೊರದಬ್ಬಿ ಬೀಡುಬಿಟ್ಟಿದ್ದವು.

"ಈ ಪರೀಕ್ಷೆ ಮೊದಲೇ ಮಾಡಿಸ್ಬಾರ್ದಿತ್ತೇನಮ್ಮಾ?" ಎಂದರು ಅವಳ ಮಾರ್ಗದರ್ಶಕ ಪ್ರೊಫೆಸರರು.

"ಟೈಮ್ ದಂಡ ಅಂತ ಬೇಡ ಅಂದೋರು ನೀವೇ ಸಾರ್!" ಎಂದವಳೇ ತಟ್ಟೆಗಳಿಗೆಲ್ಲ ಬ್ಲೀಚ್ ಸುರಿದಳು. ವರ್ಷಗಳ ದುಡಿಮೆ ಸಿಂಕಿನಲ್ಲಿ ಹರಿದುಹೋಯಿತು.

ಸಂಜೆ ಡಯಾಲಿಸಿಸ್ ಹಾಸಿಗೆಯಿಂದ ಅಕ್ಕ ಫೋನ್ ಮಾಡಿದಾಗ, "ಎಲ್ಲಾ ಹೊಳೇಲಿ ಹುಣಸೇಹಣ್ಣು ಕಿವುಚಿದಂಗಾಯ್ತು ಅಕ್ಕ" ಎಂದು ನಡೆದದ್ದನ್ನೆಲ್ಲ ಹೇಳಿದಳು.

ಅಕ್ಕ ಹೇಳಿದಳು: "ಚೆನ್ನಾಗಿ ಬೆಳೀತಿವೆ ಅಂದಾಗ್ಲೆಲ್ಲ ನಂಗೆ ಅನುಮಾನಾನೇ ಕಣೇ. ಕಿಡ್ನಿ ಅಷ್ಟು ಗಟ್ಟಿ ಆಗಿದ್ರೆ ನಾನ್ಯಾಕೆ ಇಲ್ಲಿ ಮಲಗಿರ್ತಿದ್ದೆ?"