ಎಡಗೈ ಹೆಬ್ಬೆರಳು

ಕಳಸದಲ್ಲಿ ಲೈನ್‌ಮನ್ ನಿರಂಜನನನ್ನು ಅರಿಯದವರು ಕಡಿಮೆ. ಮರ ಬಿದ್ದು ಕರೆಂಟು ಹೋದರೆ ಜನ ಮೊದಲು ಫೋನು ಮಾಡುವುದು ಆಫೀಸಿಗಲ್ಲ, ಅವನಿಗೆ. ಆದರೆ ಶನಿವಾರ ಊಟವಾದ ಮೇಲೆ ಅವನು ಫೋನು ಎತ್ತುತ್ತಿರಲಿಲ್ಲ. ಆ ಹೊತ್ತಿಗೆ ಅವನು ತಂಗಿ ಪಂಚಮಿಯ ಬಾಡಿಗೆ ಮನೆಯಲ್ಲಿ, ಟಿವಿಯ ಮುಂದೆ ಚಾಪೆ ಹಾಸಿಕೊಂಡು, ಸ್ಕೇಟ್‌ಬೋರ್ಡ್ ಓಡಿಸುತ್ತಿರುತ್ತಿದ್ದ.

ಪಂಚಮಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರು. ಅಣ್ಣ ತಂಗಿ ಇಬ್ಬರೂ ನಿಜವಾದ ಸ್ಕೇಟ್‌ಬೋರ್ಡಿನ ಮೇಲೆ ಒಂದು ದಿನವೂ ಕಾಲಿಟ್ಟವರಲ್ಲ. ಕಳಸದಲ್ಲಿ ನಾಲ್ಕು ಮಾರು ಸಮತಟ್ಟು ನೆಲ ಸಿಕ್ಕಿದರೆ ಅದರ ಮೇಲೆ ಕಾಫಿ ಒಣಹಾಕುತ್ತಾರೆ. ಆದರೂ ಟಿವಿಯೊಳಗಿನ ಯಾವುದೋ ದೂರದೇಶದ ಬೀದಿ, ಮೆಟ್ಟಿಲು, ಕಬ್ಬಿಣದ ಕಂಬಿ ಅವರಿಗೆ ಕಳಸದ ಪೇಟೆಗಿಂತ ಚೆನ್ನಾಗಿ ಗೊತ್ತಿದ್ದವು.

ಈ ಹುಚ್ಚು ಹಿಡಿದದ್ದು ಕುದುರೆಮುಖದಲ್ಲಿ. ಅವರ ಅಪ್ಪ ವೆಂಕಟರಾಮಯ್ಯ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಗಣಿ ನಿಂತ ಮೇಲೆ ಟೌನ್‌ಶಿಪ್ಪಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಊರು ಬಿಟ್ಟು ಹೊರಟ ಪಕ್ಕದ ಮನೆಯವರು ತಮ್ಮ ಹಳೆಯ ವಿಡಿಯೋ ಗೇಮನ್ನು ಈ ಮಕ್ಕಳಿಗೆ ಕೊಟ್ಟುಹೋದರು. ಅದರಲ್ಲಿ ಇದ್ದದ್ದು ಒಂದೇ ಆಟ. ಹೊರಗೆ ಜೊತೆಗಾರರು ಯಾರೂ ಉಳಿದಿರಲಿಲ್ಲವಾದ್ದರಿಂದ ಇಬ್ಬರೂ ಅದನ್ನೇ ಆಡಿದರು, ವರ್ಷಗಟ್ಟಲೆ ಆಡಿದರು.

ಆಟದ ಮರ್ಮ ಸರಳ. ಹಾರಿ ಗಾಲಿಹಲಗೆಯನ್ನು ತಿರುಗಿಸಿದರೆ ಒಂದಿಷ್ಟು ಅಂಕ. ಇಳಿದು ಸುಮ್ಮನೆ ನಿಂತರೆ ಲೆಕ್ಕ ಅಲ್ಲಿಗೆ ಮುಗಿಯಿತು. ನಿಲ್ಲದೆ, ಇಳಿದ ಕೂಡಲೇ ಹಿಂದಿನ ಗಾಲಿಗಳ ಮೇಲಷ್ಟೇ ಉರುಳುತ್ತ ಹೋಗಿ, ಮುಂದಿನ ಕಂಬಿ ಹತ್ತಿ ಜಾರಿ, ಮತ್ತೆ ಹಾರಿದರೆ ಎಲ್ಲವೂ ಒಂದೇ ಸರಪಳಿಯಾಗುತ್ತದೆ. ಅದಕ್ಕೆ ಕಾಂಬೊ ಅನ್ನುತ್ತಾರೆ. ಸರಪಳಿ ಉದ್ದವಾದಷ್ಟೂ ಅಂಕ ಗುಣಾಕಾರದಲ್ಲಿ ಏರುತ್ತದೆ, ನಡುವೆ ಬಿದ್ದರೆ ಎಲ್ಲ ಸೊನ್ನೆ. ಸರಪಳಿಯ ಕೊಂಡಿ ಇರುವುದು ಆ ಹಿಂಗಾಲಿಯ ಉರುಳಾಟದಲ್ಲಿ. ಕೈಯಲ್ಲಿ ಹಿಡಿದ ಕಂಟ್ರೋಲರಿನ ಎಡಗಡೆಯ ಕಡ್ಡಿಯನ್ನು ಆಡಿಸಿ ಅದನ್ನು ಆಚೀಚೆ ವಾಲದಂತೆ ಹಿಡಿದಿಡುವುದು ಎಡಗೈ ಹೆಬ್ಬೆರಳಿನ ಕೆಲಸ. ನಿರಂಜನನ ಹೆಬ್ಬೆರಳು ಅದರಲ್ಲಿ ಎಷ್ಟು ಪಳಗಿತ್ತೆಂದರೆ, ಅವನು ಬೀದಿಯ ಒಂದು ತುದಿಯಲ್ಲಿ ಹೊರಟರೆ ಇನ್ನೊಂದು ತುದಿವರೆಗೆ ನೆಲಕ್ಕೆ ಪೂರ್ತಿ ಇಳಿಯುತ್ತಲೇ ಇರಲಿಲ್ಲ. ಪಂಚಮಿಗೆ ತಾನು ಆಡುವುದಕ್ಕಿಂತ ಅವನು ಆಡುವುದನ್ನು ನೋಡುವುದೇ ಇಷ್ಟವಾಗಿತ್ತು.

ಈ ವರ್ಷ ಯುಗಾದಿ ಕಳೆದ ಮೇಲೆ ಅವನು ಬೀಳಲು ಶುರು ಮಾಡಿದ.

ಮೊದಲ ವಾರ ಇಬ್ಬರೂ ನಕ್ಕರು. ಎರಡನೆಯ ವಾರ ಅವನು ಕಂಟ್ರೋಲರನ್ನು ತಿರುಗಿಸಿ ನೋಡಿ, "ಇದು ಸವೆದಿದೆ ಮಾರಾಯ್ತಿ, ಎಡಗಡೆದು ಸಡಿಲಾಗಿದೆ" ಎಂದ. ಪಂಚಮಿ ತನ್ನದನ್ನು ಕೊಟ್ಟಳು. ಅದರಲ್ಲೂ ಬಿದ್ದ. ಅವನು ಬಿಟ್ಟದ್ದರಲ್ಲಿ ಅವಳು ಆಡಿದಳು, ಅದಕ್ಕೇನೂ ಆಗಿರಲಿಲ್ಲ. ಚಿಕ್ಕಮಗಳೂರಿಗೆ ಹೋದಾಗ ಅವನು ಹೊಸದೊಂದು ತಂದ. ಕಂಬಿಯಿಂದ ಇಳಿಯುವುದು, ಹಿಂಗಾಲಿಯ ಮೇಲೆ ಉರುಳುವುದು, ಹಲಗೆ ಮೆಲ್ಲನೆ ಎಡಕ್ಕೆ ವಾಲುವುದು, ಬೀಳುವುದು. ಪ್ರತಿ ಸಲವೂ ಅಲ್ಲೇ.

ಆ ದಿನ ಪಂಚಮಿ ಟಿವಿ ನೋಡಲಿಲ್ಲ. ಅಣ್ಣನ ಕೈ ನೋಡಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಮುಷ್ಟಿ ಹಿಡಿದಾಗ ಉಬ್ಬಿ ನಿಲ್ಲಬೇಕಾದ ಮಾಂಸ ಅಲ್ಲಿರಲಿಲ್ಲ. ಯಾರೋ ಚಮಚದಲ್ಲಿ ಕೆರೆದು ತೆಗೆದ ಹಾಗೆ ಗುಳಿ ಬಿದ್ದಿತ್ತು.

ಆ ಗುಳಿಯನ್ನು ಅವಳು ಮೊದಲೇ ನೋಡಿದ್ದಳು. ಅಪ್ಪನ ಕೈಯಿಂದ ಸೀಮೆಸುಣ್ಣ ಜಾರಿ ಬೀಳತೊಡಗಿದ್ದಾಗ ಅವರ ಕೈಯಲ್ಲೂ ಅದೇ ಜಾಗದಲ್ಲಿ ಅಂಥದೇ ಗುಳಿ ಇತ್ತು. ಮೊದಲು ಒಂದು ಕೈ ಹೋಯಿತು, ಆಮೇಲೆ ಇನ್ನೊಂದು. ಕಾಲು ಎಳೆಯಿತು. ಮಾತು ದಪ್ಪವಾಗಿ, ಕಡೆಗೆ ಗಂಜಿ ನುಂಗುವುದಕ್ಕೂ ಆಗದೆ ತೀರಿಹೋದರು. ನರಗಳ ಕಾಯಿಲೆ ಎಂದಷ್ಟೇ ಮನೆಯವರಿಗೆ ತಿಳಿದಿತ್ತು. ಅದು ವಂಶದಲ್ಲಿ ಬರುವಂಥದೋ ಏನೋ ಎಂದು ಯಾರೂ ಕೇಳಿರಲಿಲ್ಲ. ಕೇಳಲು ಹೆದರಿಕೆಯಾಗಿತ್ತು ಎನ್ನುವುದೇ ನಿಜ.

ಅಂದಿನಿಂದ ಪಂಚಮಿ ಆಟದಲ್ಲಿ ಬೇಕೆಂದೇ ಬೀಳತೊಡಗಿದಳು. ಅಣ್ಣ ಎಲ್ಲಿ ಬೀಳುತ್ತಾನೋ ಅದಕ್ಕೂ ಸ್ವಲ್ಪ ಮೊದಲು ತಾನು ಬೀಳುತ್ತಿದ್ದಳು. ಅವನ ಅಂಕ ಕಡಿಮೆಯಾದ ಹಾಗೆ ಅವಳದು ಇನ್ನೂ ಕಡಿಮೆಯಾಯಿತು. ಹೀಗೆ ಕೆಲವು ಶನಿವಾರ ಕಳೆದವು. ಆಟ ಇಬ್ಬರಿಗೂ ಬೇಸರವಾಗುತ್ತಿತ್ತು, ಆದರೆ ಬಿಡೋಣ ಎಂದು ಒಬ್ಬರೂ ಹೇಳಲಿಲ್ಲ. ಹೊರಗೆ ಮುಂಗಾರಿನ ಮೋಡ ಮೇರುತಿ ಗುಡ್ಡದ ಮೇಲೆ ಕೂತಿತ್ತು, ಇಳಿಯದೆ, ಕರಗದೆ.

ಒಂದು ಶನಿವಾರ ನಿರಂಜನ ಕಂಟ್ರೋಲರನ್ನು ಚಾಪೆಯ ಮೇಲಿಟ್ಟ.

"ಆ ಮೆಟ್ಟಿಲ ಹತ್ರ ನೀ ಯಾಕೆ ಬಿದ್ದೆ?"

"ತಪ್ಪಿತು."

"ಇಷ್ಟು ವರ್ಷದಲ್ಲಿ ನೀ ಅಲ್ಲಿ ಬಿದ್ದಿದ್ದು ನಾ ನೋಡ್ಲೇ ಇಲ್ಲ." ಅವನು ಟಿವಿಯನ್ನೇ ನೋಡುತ್ತಿದ್ದ. "ಯಾವಾಗ ಗೊತ್ತಾಯ್ತು ನಿಂಗೆ?"

ಪಂಚಮಿಗೆ ಸುಳ್ಳು ಹೇಳಲು ಆಗಲಿಲ್ಲ. "ಹೊಸ ಕಂಟ್ರೋಲರ್ ತಂದ್ಯಲ್ಲ, ಆಗ."

"ನಂಗೆ ಅದಕ್ಕೂ ಮುಂಚೆ. ತಂತಿ ತುಂಡು ಮಾಡೋ ಕಟಿಂಗ್ ಪ್ಲೇಯರ್ ಒತ್ತಕ್ಕೆ ಎರಡೂ ಕೈ ಬೇಕಾಗ್ತಿದೆ."

"ಮತ್ತೆ ಕಂಬ ಹೇಗೆ ಹತ್ತುತ್ತಿ ಅಣ್ಣ?"

"ಹತ್ತುತ್ತೀನಿ. ಬೆಲ್ಟ್ ಇರ್ತದೆ."

"ಅತ್ತಿಗೆಗೆ ಹೇಳಿದ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ಅವಳಿಗೆ ಈಗಲೇ ಬೇಡ. ಮಳೆಗಾಲ ಕಳೀಲಿ. ಈಗ ರಜೆ ಹಾಕಿದ್ರೆ ಕಂಬ ಹತ್ತಕ್ಕೆ ಉಮೇಶ ಒಬ್ನೇ ಆಗ್ತಾನೆ, ಇಷ್ಟೂ ಲೈನು ಅವನ ತಲೆ ಮೇಲೆ. ಆಮೇಲೆ ತೋರಿಸ್ತೀನಿ."

"ಅಪ್ಪನೂ ಶಾಲೆ ಪರೀಕ್ಷೆ ಮುಗೀಲಿ, ಆಮೇಲೆ ತೋರಿಸ್ತೀನಿ ಅಂದಿದ್ರು."

"ಹೌದು" ಎಂದ ನಿರಂಜನ. "ಮೊದಲೇ ತೋರಿಸಿದ್ರೆ ಉಳೀತಿದ್ರಾ?"

ಅತ್ತಿಗೆಗೆ ಹೇಳುವುದಿಲ್ಲ ಎಂದು ಪಂಚಮಿ ಮಾತು ಕೊಟ್ಟಳು. ಕೊಟ್ಟ ಮೇಲೆ ನಿದ್ದೆ ಹಾರಿಹೋಯಿತು. ಗಾಳಿ ಬೀಸಿದರೆ ಸಾಕು, ಈಗ ಎಲ್ಲಿ ಮರ ಬಿದ್ದಿತೋ, ಅವನು ಯಾವ ಕಂಬದ ಮೇಲಿದ್ದಾನೋ ಎಂದು ಎದ್ದು ಕೂರುತ್ತಿದ್ದಳು. ಹೊರನಾಡಿನ ದಾರಿಯಲ್ಲಿ ಲೈನು ತುಂಡಾಗಿದೆಯಂತೆ ಎಂದು ಮಕ್ಕಳು ಕ್ಲಾಸಿನಲ್ಲಿ ಮಾತಾಡಿಕೊಂಡರೆ, ಬೋರ್ಡಿನ ಮೇಲೆ ಬರೆಯುತ್ತಿದ್ದ ಲೆಕ್ಕ ಅರ್ಧಕ್ಕೇ ನಿಲ್ಲುತ್ತಿತ್ತು.

ಜುಲೈ ತಿಂಗಳ ಒಂದು ದಿನ ಮಳೆ ಜೋರೆಂದು ಶಾಲೆಗೆ ಮಧ್ಯಾಹ್ನವೇ ರಜೆ ಕೊಟ್ಟರು. ಮನೆ ಕಡೆ ಹೊರಟ ಪಂಚಮಿ ತಿರುವಿನಲ್ಲಿ ಇಲಾಖೆಯ ಜೀಪು ಕಂಡು ನಿಂತಳು. ಹಲಸಿನ ಕೊಂಬೆಯೊಂದು ತಂತಿಯ ಮೇಲೆ ಬಿದ್ದಿತ್ತು. ಕೊಂಬೆ ಕಡಿದಾಗಿತ್ತು. ಕಂಬದ ತುದಿಯಲ್ಲಿ ನಿರಂಜನ ಇದ್ದ. ಕೆಳಗೆ ಅವನ ಜೊತೆಯ ಲೈನ್‌ಮನ್ ಉಮೇಶ್ ಕತ್ತೆತ್ತಿ ನೋಡುತ್ತಿದ್ದ.

ನಿರಂಜನ ಏನೂ ಮಾಡುತ್ತಿರಲಿಲ್ಲ. ಎಡಗೈಯನ್ನು ಅಡ್ಡಪಟ್ಟಿಯ ಮೇಲಿಟ್ಟು ಸುಮ್ಮನೆ ಅದನ್ನೇ ನೋಡುತ್ತಿದ್ದ. ಬೆರಳುಗಳು ಪಟ್ಟಿಯನ್ನು ಸುತ್ತಿಕೊಳ್ಳದೆ ಸಡಿಲವಾಗಿ ಬಿಟ್ಟಿದ್ದವು. ಬಲಗೈಯಲ್ಲಿದ್ದ ಪ್ಲೇಯರನ್ನು ಎಡಗೈಗೆ ಕೊಡಲು ಹೋದ. ಅದು ಜಾರಿ ಉಮೇಶನ ಕಾಲ ಬುಡದ ಕೆಸರಿಗೆ ಬಿತ್ತು.

"ಎಂತಾಯ್ತು ಮಾರಾಯ? ಇಳಿ ಕೆಳಗೆ" ಎಂದು ಉಮೇಶ್ ಕೂಗಿದ.

ನಿರಂಜನ ಇಳಿಯಲಿಲ್ಲ. ಇಳಿಯಲು ಬೆಲ್ಟಿನ ಕೊಂಡಿ ಬಿಚ್ಚಬೇಕು, ಬಿಚ್ಚುವಾಗ ಒಂದು ಕೈಯಾದರೂ ಕಂಬ ಹಿಡಿದಿರಬೇಕು. ಅವನು ಮಳೆಯಲ್ಲಿ ಹಾಗೇ ನಿಂತ. ಪಂಚಮಿಗೆ ಕೂಗಬೇಕೆನಿಸಿತು, ಕೂಗಿದರೆ ಅವನು ಬೆಚ್ಚಿ ತಿರುಗಿಯಾನು ಎಂದು ಬಾಯಿ ಮುಚ್ಚಿಕೊಂಡಳು. ಕಡೆಗೆ ಉಮೇಶ್ ಏಣಿ ಒರಗಿಸಿ ಹತ್ತಿ, ಅವನ ಸೊಂಟಕ್ಕೆ ಹಗ್ಗ ಬಿಗಿದು, ಬೆಲ್ಟಿನ ಕೊಂಡಿ ಬಿಚ್ಚಿ, ಮಗುವನ್ನು ಇಳಿಸುವ ಹಾಗೆ ಹೆಜ್ಜೆ ಹೆಜ್ಜೆಗೂ ಕಾಲನ್ನು ತಾನೇ ಹಿಡಿದಿಟ್ಟು ಇಳಿಸಿದ. ನೆಲ ಮುಟ್ಟಿದ ಮೇಲೆ ನಿರಂಜನ ತಂಗಿಯನ್ನು ಕಂಡ. ಮುಖ ಆಚೆ ತಿರುಗಿಸಿದ.

ಪಂಚಮಿ ನೇರ ಅಣ್ಣನ ಮನೆಗೆ ಹೋದಳು. ಅತ್ತಿಗೆ ರಂಜಿತಾ ಒಲೆಯ ಮುಂದೆ ಒದ್ದೆ ಬಟ್ಟೆ ಒಣಗಿಸುತ್ತಿದ್ದಳು. ಪಂಚಮಿ ಎಲ್ಲವನ್ನೂ ಹೇಳಿದಳು, ಆಟದಿಂದ ಹಿಡಿದು. ರಂಜಿತಾ ಕೇಳಿದ್ದು ಒಂದೇ ಮಾತು. "ಗೊತ್ತಿದ್ದೂ ಕಂಬ ಹತ್ತಲು ಬಿಟ್ರಾ?"

ಮಂಗಳೂರಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಕರೆಂಟು ಹಾಯಿಸಿ ನೋಡಿದರು. ಅಪ್ಪನ ಕಾಯಿಲೆಯೇ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ, ನಿಧಾನ ಮಾಡುವ ಮಾತ್ರೆಯಿದೆ, ನಿಲ್ಲಿಸುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಪ್ಪನ ವಿಷಯ ಕೇಳಿ ಬರೆದುಕೊಂಡರು. ಆಮೇಲೆ ಪಂಚಮಿಯ ಕಡೆ ತಿರುಗಿ, "ನೀವು ಒಡಹುಟ್ಟಿದವರಾ? ಇದು ವಂಶದಲ್ಲಿ ಬಂದದ್ದಿರಬಹುದು. ಬೇಕೆಂದರೆ ನೀವೂ ರಕ್ತಪರೀಕ್ಷೆ ಮಾಡಿಸಿ ನೋಡಬಹುದು. ಬೇಡವೆಂದರೂ ಸರಿ, ಯೋಚಿಸಿ" ಎಂದರು.

ನಿರಂಜನನಿಗೆ ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಕೆಲಸ ಕೊಟ್ಟರು. ಶನಿವಾರ ಅವನು ಬರಲಿಲ್ಲ. ಮರುವಾರವೂ ಬರಲಿಲ್ಲ. ತಾನು ಮಾತು ಮುರಿದದ್ದಕ್ಕೆ ಸಿಟ್ಟೋ, ನಾಚಿಕೆಯೋ ಪಂಚಮಿಗೆ ತಿಳಿಯಲಿಲ್ಲ. ಅದರ ಮುಂದಿನ ವಾರ ಕೊಡೆ ಮಡಚುತ್ತ ಬಾಗಿಲಲ್ಲಿ ನಿಂತ.

"ಒಂದೇ ಕಂಟ್ರೋಲರ್ ಹಾಕು" ಎಂದ. "ಬಲಗಡೆ ನಾ ನೋಡ್ಕೊಳ್ತೀನಿ. ಎಡಗಡೆ ನೀ ಹಿಡಿ."

ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು, ಒಂದೇ ಕಂಟ್ರೋಲರನ್ನು ನಡುವೆ ಹಿಡಿದರು. ಅವನು ಹಾರಿಸಿದ, ಅವಳು ವಾಲದಂತೆ ಹಿಡಿದಳು. ಮೊದಲೆಲ್ಲ ಬರೀ ಬಿದ್ದರು. ಅವನು ಒತ್ತುವ ಹೊತ್ತಿಗೆ ಇವಳ ಬೆರಳು ತಿರುಗಿರುತ್ತಿರಲಿಲ್ಲ. "ತಡ" ಎನ್ನುತ್ತಿದ್ದ ನಿರಂಜನ ಮೆಲ್ಲಗೆ. "ಮತ್ತೆ." ವಾರಗಳು ಕಳೆದ ಮೇಲೆ ಬೀದಿಯ ಅರ್ಧದವರೆಗೆ ಹೋದರು. ಆಮೇಲೆ ಒಂದು ಸಲ ಕೊನೆಯವರೆಗೂ ಹೋದರು. ಅವನು ಆ ದಿನ ನಗುತ್ತ ಕಾಫಿ ಕೇಳಿದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ.

ನವರಾತ್ರಿ ರಜೆಯಲ್ಲಿ ಪಂಚಮಿ ಒಬ್ಬಳೇ ಮಂಗಳೂರಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಅಣ್ಣನಿಗೆ ಹೇಳಲಿಲ್ಲ. ರಂಜಿತಾಗೆ ಹೇಳಿದಳು. ರಂಜಿತಾ ಅವಳ ಎರಡೂ ಕೈ ಹಿಡಿದುಕೊಂಡು, ಬೆರಳು ಬೆರಳನ್ನೂ ಒತ್ತಿ ನೋಡಿದಳು. ಫಲಿತಾಂಶಕ್ಕೆ ಕೆಲವು ವಾರ ಹಿಡಿಯುತ್ತದೆ, ಬಂದಾಗ ಫೋನು ಮಾಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಈಗ ಫೋನು ಬಂದರೆ ಪಂಚಮಿ ಕೂಡಲೇ ಎತ್ತುವುದಿಲ್ಲ. ಸ್ವಲ್ಪ ಹೊತ್ತು ನಂಬರು ನೋಡುತ್ತಾಳೆ.