ನಿಲ್ಲಿಸಿ ಮಾತಾಡು ಎಂದ ಡ್ರೈವರ್ ಸಾಬರು

೧೯೩೯ರಲ್ಲಿ ನಾನು ಓದು ಬಿಟ್ಟೆ. ಬಿಟ್ಟ ಮೇಲೆ ಕಲಿತದ್ದೇ ಹೆಚ್ಚು. ಅದನ್ನು ಮೊನ್ನೆ ನೆನಪಿಗೆ ತಂದದ್ದು ನಮ್ಮ ಬೀದಿಯ ಇಸ್ತ್ರಿಯವನು. ಪೆಟ್ಟಿಗೆಗೆ ಕೆಂಡ ತುಂಬಿ ಊದುತ್ತಿದ್ದ. ಅರೆಬೆಂದ ಇದ್ದಿಲಿನ ಆ ಘಾಟು ಮೂಗಿಗೆ ಬಡಿಯಿತು ನೋಡಿ… ನಲವತ್ತು ವರ್ಷದ ಹಿಂದಿನ ಮದ್ದೂರು–ಮಳವಳ್ಳಿ ಬಸ್ಸು ಕಣ್ಣ ಮುಂದೆ ಬಂದು ನಿಂತಿತು. ಅದರ ಸ್ಟೇರಿಂಗು ಹಿಡಿದು ನಮ್ಮ ಡ್ರೈವರ್ ಸಾಬರು.

ಆಗ ಯುದ್ಧಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಕಟ್ಟಿದ ಡ್ರಮ್ಮಿನಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದೆವು. ಸಮನೆಲದಲ್ಲಿ ಹೇಗೋ ಓಡುವುದು. ಏರಿನಲ್ಲಿ ಒಮ್ಮೆ ನಿಂತಿತೋ, ಜನ ಇಳಿದು ತಳ್ಳದೆ ಅಲುಗಾಡುತ್ತಿರಲಿಲ್ಲ. ಆ ಡ್ರಮ್ಮಿಗೆ ಇದ್ದಿಲು ಹಾಕುವ ಕೆಲಸದಿಂದ ಮೇಲೆ ಬಂದವನು ನಾನು. ಸಾಬರೇ ಬಸ್ಸು ಓಡಿಸಲು ಕಲಿಸಿದರು, ಲೈಸೆನ್ಸೂ ಬಂತು. ಇನ್ನು ಅವರು ಮಾಲೀಕರಿಗೆ ಒಂದು ಮಾತು ಹೇಳಿದರೆ ಬಸ್ಸು ನನ್ನ ಕೈಗೆ.

ಸಾಬರದು ಒಂದು ಅಭ್ಯಾಸ. ಬಸ್ಸು ಓಡುವಾಗ ಯಾರು ಏನು ಕೇಳಿದರೂ ಉತ್ತರವಿಲ್ಲ, ಕತ್ತೂ ತಿರುಗುತ್ತಿರಲಿಲ್ಲ. 'ಸಾಬ್ರಿಗೆ ಕಿವಿ ಕೇಳಾಕಿಲ್ಲ ಕಣ್ಲಾ' ಎಂದು ಜನ ನಗುತ್ತಿದ್ದರು. ನನಗೆ ಅದು ದೊಡ್ಡಸ್ತಿಕೆಯಂತೆ ಕಾಣುತ್ತಿತ್ತು. ನಮ್ಮ ಕಡೆ ಹಿರಿಯರು ಮಾತಾಡಿಸಿದರೆ ಮುಖ ಕೊಟ್ಟು, ಕೈಮುಗಿದು ಉತ್ತರ ಹೇಳಬೇಕು. ಬೆನ್ನು ತೋರಿಸಿಕೊಂಡು ಕೂರುವವನು ಎಂಥ ಮನುಷ್ಯ ಎಂದುಕೊಳ್ಳುತ್ತಿದ್ದೆ.

ಒಂದು ದಿನ ನಾನು ಓಡಿಸುತ್ತಿದ್ದೆ, ಸಾಬರು ಪಕ್ಕದಲ್ಲಿದ್ದರು. ನನ್ನ ಹಿಂದಿನ ಸೀಟಿನಲ್ಲಿದ್ದ ನಮ್ಮೂರ ಪಟೇಲರು, 'ಏನ್ಲಾ, ನಿಮ್ಮಪ್ಪ ಅಳ್ಳೀಲವ್ನಾ?' ಎಂದರು. ನಾನು ಪೂರ್ತಿ ಹಿಂದಕ್ಕೆ ತಿರುಗಿ, ಎರಡೂ ಕೈ ಮುಗಿದು, 'ಅವ್ರೆ ಪಟೇಲ್ರೆ' ಎಂದೆ. ಅಷ್ಟರಲ್ಲಿ ಸಾಬರು ಸ್ಟೇರಿಂಗನ್ನು ತಮ್ಮ ಕಡೆ ಎಳೆದರು. ಬಸ್ಸು ಗದ್ದೆಯ ಬದುವಿಗೆ ಗುದ್ದಿ ನಿಂತಿತು. ಚಕ್ರದಿಂದ ಒಂದು ಗೇಣು ದೂರದಲ್ಲಿ ಒಬ್ಬ ಮುದುಕಿ. ಅವಳ ತಲೆಯ ಮೇಲಿದ್ದ ಹುಲ್ಲಿನ ಹೊರೆ ರಸ್ತೆಯ ಮೇಲೆ.

'ಕಣ್ಣು ಬೆನ್ನಾಗವ್ಯೇನ್ಲಾ ನಿಂಗೆ?' ಎಂದು ಅವಳು ಉಗಿದಳು.

ಸಾಬರು ಇಳಿದು ಹೊರೆಯನ್ನು ಅವಳ ತಲೆಗೆ ಎತ್ತಿಟ್ಟು ಬಂದರು. ದನಿ ಏರಿಸಲಿಲ್ಲ. 'ಸ್ಟೇರಿಂಗ್ ಬುಟ್ಟು ಪಟೇಲ್ರಿಗೆ ಮರ್ವಾದೆ ಕೊಟ್ಟೆ. ಆ ಅಜ್ಜಿಗೆ ಯಾರ್ಲಾ ಕೊಡೋರು? ಮಾತಾಡ್ಬೇಕು ಅಂದ್ರೆ ನಿಲ್ಸಿ ಮಾತಾಡು. ಈಗ ಏಳು.'

ಮತ್ತೆ ಮೂರು ತಿಂಗಳು ಇದ್ದಿಲು ಹಾಕಿದೆ… ಮೈಯೆಲ್ಲ ಮಸಿ. ಅವಮಾನವಾಯಿತು, ಆದರೆ ಕೆಲಸ ಬಿಟ್ಟು ಓಡಲಿಲ್ಲ.

ಸಾಬರು ಮತ್ತೆ ಸ್ಟೇರಿಂಗು ಕೊಟ್ಟ ದಿನವೇ ಪಟೇಲರೂ ಹತ್ತಿದರು. ಸರಿಯಾಗಿ ಏರಿನ ನಡುವೆ, 'ಏನ್ಲಾ, ಕಬ್ಬು ಕಡುದ್ರಾ?' ಎಂದರು. ಕತ್ತು ತಾನಾಗಿ ತಿರುಗಲು ನೋಡಿತು. ಬಿಡಲಿಲ್ಲ. ಬ್ರೇಕು ಹಾಕಿದೆ, ಇಳಿದೆ, ಅವರ ಪಕ್ಕಕ್ಕೆ ಬಂದು ಕೈಮುಗಿದೆ.

'ನಾಳೀಕೆ ಕಡೀತೀವಿ ಪಟೇಲ್ರೆ.'

'ಇದ್ಕೆ ಬಸ್ ನಿಲ್ಸುದ್ಯಾ?'

'ನೀವು ಕೇಳುದ್ರಲ್ಲ.'

ಎಲ್ಲರೂ ಇಳಿದು ತಳ್ಳಬೇಕಾಯಿತು. ಪಟೇಲರೂ ಪಂಚೆ ಎತ್ತಿ ಕಟ್ಟಿದರು. 'ಇನ್ನೊಂದ್ ಮಾತು ಕೇಳ್ಬ್ಯಾಡಿ ಪಟೇಲ್ರೆ, ನಂಗೆ ಸೊಂಟ ನೋವು' ಎಂದ ಹಿಂದಿನಿಂದ ಒಬ್ಬ. ಸಾಬರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಳವಳ್ಳಿ ಮುಟ್ಟಿದ ಮೇಲೆ ಮಾಲೀಕರಿಗೆ, 'ನಾಳೆಯಿಂದ ಅವ್ನೇ ಓಡುಸ್ಲಿ' ಎಂದರು. ಅಷ್ಟೇ ಮಾತು.

ಮುಂದೆ ನನ್ನ ಸ್ವಂತ ಬಸ್ಸು ತಂದಾಗ, ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಬೇಕೆಂದು ಮದ್ದೂರಿನ ಅವರ ಮನೆಗೆ ಹೋದೆ. ಅವರು ತೀರಿಹೋಗಿ ಎಂಟು ದಿನವಾಗಿತ್ತು… ಆ ಸೀಟು ಖಾಲಿಯಾಗಿಯೇ ಬಸ್ಸು ಹೊರಟಿತು.

ಈಗಿನ ಡ್ರೈವರುಗಳಿಗೆ ಒಂದು ಕೈಯಲ್ಲಿ ಬೀಡಿ, ಬಾಯಿ ತುಂಬ ಹರಟೆ. ನನ್ನ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. ನನಗೀಗ ಇರುವುದು ಎರಡು ಬಸ್ಸು, ಹೆಂಚಿನ ಮನೆ ಒಂದು, ಮೂವರು ಮಕ್ಕಳು. ಮೂವತ್ತು ವರ್ಷ ಓಡಿಸಿದೆ. ನನ್ನ ಚಕ್ರಕ್ಕೆ ಸಿಕ್ಕ ಜೀವ, ಒಂದು ಕೋಳಿಯೂ ಇಲ್ಲ.